ಒಂದು ಮೆಗಾಓಮ್‌ನ ಆಸುಪಾಸಿನಲ್ಲಿ: ಬ್ಯಾಟರಿ ಮೆಗ್ಗರ್ ಒಂದರ ಒಂದು ವರ್ಷದ ಬಳಕೆ

ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಮುದ್ರಿಸಿದ್ದ ಸಂಖ್ಯೆ 4000 ಮೆಗಾಓಮ್ (ಒಂದು ಮೆಗಾಓಮ್ ಎಂದರೆ ಹತ್ತು ಲಕ್ಷ ಓಮ್). ಮನೆಗಳ ವೈರಿಂಗ್ ಪರೀಕ್ಷಿಸಲೆಂದು ಒಂದು ವರ್ಷದ ಹಿಂದೆ ನಾನು ಕೊಂಡ ಬ್ಯಾಟರಿಚಾಲಿತ ಇನ್ಸುಲೇಶನ್ ಟೆಸ್ಟರ್, ಅಂದರೆ ನಮ್ಮ ಕಸುಬಿನವರ ಬಾಯಲ್ಲಿ ಇಂದಿಗೂ ಮೆಗ್ಗರ್ ಎಂದೇ ಕರೆಸಿಕೊಳ್ಳುವ ಉಪಕರಣ, ಅಷ್ಟು ದೊಡ್ಡ ರೋಧವನ್ನು ಅಳೆಯಬಲ್ಲದು ಎಂಬುದು ತಯಾರಕರ ಹೆಮ್ಮೆ. ಈ ಅವಧಿಯಲ್ಲಿ ಸುಮಾರು ನಲವತ್ತು ಮನೆಗಳ ವಿತರಣಾ ಫಲಕಗಳ ಮುಂದೆ ಕುಳಿತು ಅದನ್ನು ಬಳಸಿದ್ದೇನೆ. ಆ 4000 ನನಗೆ ಒಮ್ಮೆಯೂ ಉಪಯೋಗಕ್ಕೆ ಬರಲಿಲ್ಲ. ಉಪಕರಣ ನನ್ನ ಕೈ ಹಿಡಿದದ್ದೂ ಕೈ ಕೊಟ್ಟದ್ದೂ ಒಂದು ಮೆಗಾಓಮ್‌ನ ಆಸುಪಾಸಿನಲ್ಲಿ. ಆದ್ದರಿಂದ ಈ ವಿಮರ್ಶೆಯೂ ಬಹುಪಾಲು ಅಲ್ಲಿಯೇ ಸುತ್ತುತ್ತದೆ. ತಯಾರಕರ ಹೆಸರನ್ನು ನಾನು ಬರೆಯುತ್ತಿಲ್ಲ, ಏಕೆಂದರೆ ಹೆಚ್ಚುಕಡಿಮೆ ಇದೇ ಒಳಾಂಗದ ಉಪಕರಣಗಳು ಬೇರೆ ಬೇರೆ ಬಣ್ಣದ ಕವಚ ತೊಟ್ಟು ಮಾರಾಟವಾಗುತ್ತವೆ. ನಾನು ಮಾಡಿದ ಪರೀಕ್ಷೆಗಳನ್ನು ಓದುಗರು ತಮ್ಮ ಕೈಯಲ್ಲಿರುವ ಉಪಕರಣದ ಮೇಲೆಯೂ ಮಾಡಿ ನೋಡಬಹುದು.

ಇದು ಮಾಡುವ ಕೆಲಸವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ತಂತಿಯ ಹೊದಿಕೆಯ ಮೂಲಕ ಎಷ್ಟು ವಿದ್ಯುತ್ ಸೋರುತ್ತದೆ ಎಂಬುದನ್ನು ತಿಳಿಯಲು ಉಪಕರಣವು ತನ್ನೊಳಗಿನಿಂದ ನೇರ ವಿದ್ಯುತ್ತಿನ ಹೆಚ್ಚಿನ ವೋಲ್ಟೇಜನ್ನು ಉತ್ಪಾದಿಸಿ, ಫೇಸ್ ಮತ್ತು ನ್ಯೂಟ್ರಲ್ ಒಂದು ಕಡೆ, ಅರ್ಥ್ ಇನ್ನೊಂದು ಕಡೆ ಇರುವಂತೆ ಅವುಗಳ ನಡುವೆ ಹಾಕಿ, ಹರಿದ ವಿದ್ಯುತ್ತನ್ನು ಅಳೆದು ಭಾಗಿಸಿ ರೋಧವನ್ನು ತೋರಿಸುತ್ತದೆ. ಪರ್ಯಾಯ ವಿದ್ಯುತ್ತನ್ನು ಬಳಸಿದರೆ ಕೇಬಲ್ಲಿನ ಧಾರಕತೆಯೇ (ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುವ ಗುಣವೇ) ಸೋರಿಕೆಯ ವೇಷ ಹಾಕಿಕೊಂಡು ಬಂದು ಲೆಕ್ಕವನ್ನು ಕೆಡಿಸುವುದರಿಂದ ನೇರ ವಿದ್ಯುತ್ತೇ ಬೇಕು. 230 ವೋಲ್ಟಿನ ಮನೆಯ ಸರ್ಕ್ಯೂಟಿಗೆ ಬಳಸುವುದು 500 ವೋಲ್ಟ್. ಬಳಕೆಯಲ್ಲಿರುವ ವಿದ್ಯುತ್ತಿನ ಅಲೆಯ ಶಿಖರವೇ ಸುಮಾರು 325 ವೋಲ್ಟ್ ಇರುತ್ತದೆಂದು ನೆನೆದರೆ ಈ 500 ಅತಿಯೆನಿಸುವುದಿಲ್ಲ. ಮಲ್ಟಿಮೀಟರಿನಲ್ಲಿಯೂ ಓಮ್ ಅಳೆಯಬಹುದಲ್ಲ ಎಂದು ಕೇಳುವವರಿದ್ದಾರೆ. ಅದು ಕೆಲವೇ ವೋಲ್ಟಿನಲ್ಲಿ ಅಳೆಯುತ್ತದೆ. ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುವ ದೋಷ ಆ ಕೆಲವು ವೋಲ್ಟಿಗೆ ತುಟಿಪಿಟಕ್ ಎನ್ನುವುದಿಲ್ಲ. ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆಯಾದ ಐಇಸಿಯ 60364-6 ಮಾನದಂಡವು ಈ ವರ್ಗದ ಸರ್ಕ್ಯೂಟುಗಳಿಗೆ 500 ವೋಲ್ಟಿನ ಪರೀಕ್ಷೆಯಲ್ಲಿ ಕನಿಷ್ಠ 1 ಮೆಗಾಓಮ್ ಇರಬೇಕೆನ್ನುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಪಿವಿಸಿ ವೈರಿಂಗ್ ಇದಕ್ಕಿಂತ ಬಹಳ ಮೇಲಿನ ಅಂಕೆಯನ್ನೇ ಕೊಡುತ್ತದೆ. ಎರಡು ಮೂರು ಮೆಗಾಓಮ್ ಬಂದರೆ ನಿಯಮದ ಪ್ರಕಾರ ಉತ್ತೀರ್ಣವಾದರೂ ನಾನು ಕಾರಣ ಹುಡುಕದೆ ಏಳುವುದಿಲ್ಲ.

ನಾನು ಕೆಲಸ ಕಲಿತದ್ದು ಕೈಯಿಂದ ತಿರುಗಿಸುವ ಮೆಗ್ಗರಿನಲ್ಲಿ. ಬ್ರಿಟಿಷ್ ಎಂಜಿನಿಯರ್ ಸಿಡ್ನಿ ಎವರ್ಶೆಡ್ ಅವರ ಮೊದಲ ಇನ್ಸುಲೇಶನ್ ಪರೀಕ್ಷಕ 1889ರಷ್ಟು ಹಳೆಯದು, ಮೆಗ್ಗರ್ ಎಂಬ ಹೆಸರು ವ್ಯಾಪಾರಮುದ್ರೆಯಾಗಿ ನೋಂದಣಿಯಾದದ್ದು 1903ರಲ್ಲಿ. ಒಂದು ಕಂಪನಿಯ ಮುದ್ರೆ ಇಡೀ ಪರೀಕ್ಷೆಯ ಹೆಸರಾಗಿ, ಕೊನೆಗೆ ‘ಮೆಗ್ಗರ್ ಮಾಡು’ ಎಂಬ ಕ್ರಿಯಾಪದವೂ ಆಗಿಬಿಟ್ಟಿತು. ಆ ಹಳೆಯ ಯಂತ್ರದಲ್ಲಿ ಮುಳ್ಳನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಇರುತ್ತಿರಲಿಲ್ಲ. ಒಂದಕ್ಕೊಂದು ಕೋನವಾಗಿ ಕೂರಿಸಿದ ಎರಡು ಸುರುಳಿಗಳು ವೋಲ್ಟೇಜು ಮತ್ತು ವಿದ್ಯುತ್ತಿನ ಅನುಪಾತವನ್ನು ತೂಗುತ್ತಿದ್ದುದರಿಂದ ಕೈಯ ವೇಗ ತುಸು ಏರುಪೇರಾದರೂ ಓದು ಕೆಡುತ್ತಿರಲಿಲ್ಲ. ತಿರುಗಿಸದೆ ಇಟ್ಟಾಗ ಮುಳ್ಳು ಮನಸ್ಸಿಗೆ ಬಂದ ಕಡೆ ಒರಗಿಕೊಂಡಿರುತ್ತಿತ್ತು. ಹೊದಿಕೆ ತೀರಾ ಕೆಟ್ಟಿದ್ದರೆ ಹಿಡಿಕೆ ಭಾರವಾಗುತ್ತಿತ್ತು, ದೋಷವು ಕಣ್ಣಿಗಿಂತ ಮೊದಲು ಮಣಿಕಟ್ಟಿಗೆ ತಿಳಿಯುತ್ತಿತ್ತು. ಹೊಸ ಉಪಕರಣದಲ್ಲಿ ಆ ಸುಖವಿಲ್ಲವೆಂದು ಹೇಳಿದರೆ ಅದು ವಿಮರ್ಶೆಯಾಗದೆ ಹಳಹಳಿಕೆಯಾಗುತ್ತದೆ. ಒಂದು ಕೈಯಲ್ಲಿ ಹಿಡಿಕೆ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಎರಡು ಮೊನೆಗಳನ್ನು ಒತ್ತಿಹಿಡಿಯಲು ಹೆಣಗಿದ ದಿನಗಳು ನನಗೆ ಮರೆತಿಲ್ಲ. ಆದರೂ ಹಳೆಯದರಿಂದ ಕಲಿತ ಒಂದು ಅಭ್ಯಾಸವನ್ನು ಹೊಸದಕ್ಕೂ ತಂದೆ: ಉಪಕರಣ ಹೇಳಿದ್ದನ್ನು ನಂಬುವ ಮೊದಲು ಉಪಕರಣವನ್ನೇ ಪರೀಕ್ಷಿಸುವುದು.

ಪರೀಕ್ಷೆಯ ವಿಧಾನ ಸರಳವಾದದ್ದು. 100 ಕಿಲೋಓಮ್‌ನ ಶೇಕಡಾ 1 ನಿಖರತೆಯ ಹತ್ತು ರೆಸಿಸ್ಟರುಗಳನ್ನು, ಅಂದರೆ ನಿಗದಿತ ರೋಧದ ಸಣ್ಣ ಬಿಡಿಭಾಗಗಳನ್ನು, ಸರಣಿಯಲ್ಲಿ ಬೆಸುಗೆ ಹಾಕಿ, ಪ್ರತಿ ಸಂಧಿಯಲ್ಲಿಯೂ ಕ್ಲಿಪ್ ಕಚ್ಚಿಸಲು ಬರುವಂತೆ ಒಂದು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕೂರಿಸಿದೆ. 1 ಮೆಗಾಓಮ್‌ನ ಒಂದೇ ಸಣ್ಣ ರೆಸಿಸ್ಟರನ್ನು ನೇರವಾಗಿ ಹಾಕಬಹುದಿತ್ತಲ್ಲ ಎಂದರೆ, ಸಾಮಾನ್ಯ ಕಾಲು ವ್ಯಾಟಿನ ರೆಸಿಸ್ಟರ್ 250 ವೋಲ್ಟಿಗಿಂತ ಹೆಚ್ಚು ತಡೆಯುವಂತೆ ಮಾಡಿದ್ದಲ್ಲ; 500 ವೋಲ್ಟನ್ನು ಅದರ ತಲೆಗೆ ಕಟ್ಟಿದರೆ ಅಳತೆಗೋಲೇ ಸುಳ್ಳಾಗುತ್ತದೆ. ಸರಣಿಯಲ್ಲಿ ಹಂಚಿದಾಗ ಪ್ರತಿಯೊಂದಕ್ಕೂ 50 ವೋಲ್ಟ್ ಮಾತ್ರ ಬೀಳುತ್ತದೆ. ಈ ಮಾಲೆಯ ಐದು ರೆಸಿಸ್ಟರುಗಳನ್ನು ಮಾತ್ರ ಬಳಸಿದರೆ 500 ಕಿಲೋಓಮ್ ಆಗುತ್ತದೆ, 500 ವೋಲ್ಟಿನಲ್ಲಿ ಸರಿಯಾಗಿ 1 ಮಿಲಿಆಂಪಿಯರ್ ಹರಿಯುತ್ತದೆ. ಇದೇ ನನಗೆ ಬೇಕಾಗಿದ್ದ ಬಿಂದು. ಇಂಥ ಉಪಕರಣಗಳಿಗೆಂದೇ ಇರುವ ಐಇಸಿ 61557-2 ಮಾನದಂಡದ ಪ್ರಕಾರ, 1 ಮಿಲಿಆಂಪಿಯರ್ ಕೊಡುತ್ತಿರುವಾಗಲೂ ಪರೀಕ್ಷಕವು ತಾನು ಕೊಡುವುದಾಗಿ ಹೇಳಿಕೊಂಡ ವೋಲ್ಟೇಜನ್ನು ಉಳಿಸಿಕೊಂಡಿರಬೇಕು, ಮೊನೆಗಳನ್ನು ನೇರವಾಗಿ ಜೋಡಿಸಿದರೂ 15 ಮಿಲಿಆಂಪಿಯರ್ ದಾಟಬಾರದು. ಅಂದರೆ ಹೊರೆಯಿಲ್ಲದಾಗ 500 ವೋಲ್ಟ್ ತೋರಿಸುವುದು ದೊಡ್ಡ ವಿಷಯವಲ್ಲ. ಹೊದಿಕೆ ಕೆಟ್ಟು ಸೋರಿಕೆ ಹೆಚ್ಚಿದಾಗ ಎದೆಗುಂದದೆ ನಿಲ್ಲುವುದು ದೊಡ್ಡದು.

ಹೊಸ ಬ್ಯಾಟರಿಗಳೊಂದಿಗೆ ಈ ಉಪಕರಣ ಸೊಗಸಾಗಿ ನಿಂತಿತು. 1 ಮೆಗಾಓಮ್‌ಗೆ 1.01 ಎಂದಿತು, ಅರ್ಧ ಮೆಗಾಓಮ್‌ಗೆ 0.50 ಎಂದಿತು, ಪಕ್ಕದಲ್ಲಿ ಜೋಡಿಸಿದ್ದ ಬೇರೊಂದು ವೋಲ್ಟ್‌ಮೀಟರು 508 ವೋಲ್ಟ್ ತೋರಿಸಿತು. 250 ಮತ್ತು 1000 ವೋಲ್ಟಿನ ಶ್ರೇಣಿಗಳಲ್ಲಿಯೂ ಇದೇ ಬಗೆಯ ನಡತೆ. ಪರದೆಯ ಎರಡನೆಯ ಸಾಲಿನಲ್ಲಿ ಆ ಕ್ಷಣ ಮೊನೆಗಳ ನಡುವೆ ನಿಜವಾಗಿ ಇರುವ ವೋಲ್ಟೇಜನ್ನು ಸಣ್ಣ ಅಂಕೆಗಳಲ್ಲಿ ತೋರಿಸುವ ಏರ್ಪಾಡು ಇದೆ, ಅದೂ ನನ್ನ ವೋಲ್ಟ್‌ಮೀಟರಿಗೆ ಹೊಂದಿಕೆಯಾಯಿತು. ನನ್ನ ಮಟ್ಟಿಗೆ ಈ ಉಪಕರಣದ ಅತಿ ಮುಖ್ಯ ಗುಣ ಇದೇ, ಆದರೆ ಪೆಟ್ಟಿಗೆಯ ಮೇಲೆ ಅದರ ಸುದ್ದಿಯೇ ಇಲ್ಲ. ಅಂಕೆಗಳು ಎಷ್ಟು ಚಿಕ್ಕವೆಂದರೆ ಕನ್ನಡಕ ಮರೆತು ಹೋದ ದಿನ ನನಗೆ ಅವು ಇದ್ದೂ ಇಲ್ಲದಂತೆ.

ತೊಡಕು ಕಾಣಿಸಿದ್ದು ನಾಲ್ಕನೆಯ ತಿಂಗಳಲ್ಲಿ. ಬ್ಯಾಟರಿಯ ಚಿಹ್ನೆಯಲ್ಲಿ ಇನ್ನೂ ಒಂದು ಗೆರೆ ಉಳಿದಿರುವಾಗ ಅದೇ ಐದು ರೆಸಿಸ್ಟರುಗಳನ್ನು ಜೋಡಿಸಿ ನೋಡಿದರೆ ವೋಲ್ಟೇಜು 431ಕ್ಕೆ ಕುಸಿದಿತ್ತು. ವಿಚಿತ್ರವೆಂದರೆ ರೋಧದ ಅಂಕೆ ಆಗಲೂ 0.50 ಎಂದೇ ಇತ್ತು. ಉಪಕರಣವು ತಾನು ಹಾಕಿದ ವೋಲ್ಟೇಜನ್ನೂ ಹರಿದ ವಿದ್ಯುತ್ತನ್ನೂ ಅಳೆದು ಭಾಗಿಸುವುದರಿಂದ ಭಾಗಲಬ್ಧ ಸರಿಯಾಗಿಯೇ ಬರುತ್ತದೆ. ರೆಸಿಸ್ಟರಿನಂಥ ಸಾಧು ವಸ್ತುವಿನ ಮುಂದೆ ಇದು ತಪ್ಪಲ್ಲ. ಆದರೆ ಪರೀಕ್ಷೆ ನಡೆದದ್ದು 500 ವೋಲ್ಟಿನಲ್ಲಿ ಅಲ್ಲ. ದಾಖಲೆಯಲ್ಲಿ 500 ಎಂದು ಬರೆದು ಸಹಿ ಹಾಕುವವನಿಗೆ ಈ ಅಂತರ ತಿಳಿಯಬೇಕು, ತಿಳಿಸುವ ಹೊಣೆ ಉಪಕರಣದ್ದು. ‘ಬ್ಯಾಟರಿ ದುರ್ಬಲ’ ಎಂಬ ಎಚ್ಚರಿಕೆ ಬಂದದ್ದು ಇನ್ನೂ ಎರಡು ದಿನಗಳ ಕೆಲಸದ ನಂತರ. ತಯಾರಕರ ಸೇವಾ ವಿಭಾಗಕ್ಕೆ ಅಳತೆಗಳ ಸಮೇತ ಬರೆದೆ. ಬಂದ ಉತ್ತರದಲ್ಲಿ ಬ್ಯಾಟರಿ ಬದಲಾಯಿಸುವ ವಿಧಾನವನ್ನು ಚಿತ್ರಸಹಿತ ವಿವರಿಸಿದ್ದರು.

ಇನ್ನು ಮನೆಗಳ ಒಳಗೆ ಅದು ಹೇಗೆ ನಡೆದುಕೊಂಡಿತು ಎಂಬುದು. ಒಂದು ಮನೆಯಲ್ಲಿ ಆರ್‌ಸಿಸಿಬಿ (ಅರ್ಥ್‌ಗೆ ವಿದ್ಯುತ್ ಸೋರಿದರೆ ತಾನಾಗಿ ಬಿದ್ದು ಸರಬರಾಜನ್ನು ಕಡಿಯುವ ಸ್ವಿಚ್ಚು) ದಿನಕ್ಕೆ ಎರಡು ಮೂರು ಸಲ ಬೀಳುತ್ತಿತ್ತು, ಆದರೆ ಯಾವ ಒಂದು ಸಾಧನದ ಮೇಲೂ ಬೆರಳಿಟ್ಟು ಇದೇ ಕಾರಣ ಎನ್ನುವಂತಿರಲಿಲ್ಲ. ಇಸ್ತ್ರಿಪೆಟ್ಟಿಗೆ ಹಾಕಿದರೆ ಬೀಳುತ್ತಿತ್ತು, ಗೀಸರ್ ಹಾಕಿದರೆ ಬೀಳುತ್ತಿತ್ತು, ಅದೇ ಇಸ್ತ್ರಿಪೆಟ್ಟಿಗೆ ಪಕ್ಕದ ಮನೆಯಲ್ಲಿ ಇಡೀ ದಿನ ಸುಮ್ಮನಿರುತ್ತಿತ್ತು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಮುಖ್ಯ ಸ್ವಿಚ್ಚನ್ನು ತೆರೆದು, ವಿದ್ಯುತ್ ಇಲ್ಲವೆಂದು ಖಚಿತಪಡಿಸಿಕೊಂಡು, ಎಲ್ಲ ಸಾಧನಗಳ ಪ್ಲಗ್ ಕಿತ್ತು, ಫೇಸ್ ಮತ್ತು ನ್ಯೂಟ್ರಲ್ ಸೇರಿಸಿ ಅರ್ಥ್‌ಗೆ ಪರೀಕ್ಷಿಸಿದರೆ 0.00 ಬಂದಿತು. ಎರಡನ್ನೂ ಬೇರ್ಪಡಿಸಿದಾಗ ಫೇಸಿನಿಂದ ಅರ್ಥ್‌ಗೆ ಅಳತೆಯ ಮಿತಿ ಮೀರಿದ ರೋಧ, ನ್ಯೂಟ್ರಲಿನಿಂದ ಅರ್ಥ್‌ಗೆ ಸೊನ್ನೆ. ನ್ಯೂಟ್ರಲ್ ಪಟ್ಟಿಯಿಂದ ಒಂದೊಂದೇ ತಂತಿ ಬಿಡಿಸುತ್ತ ಹೋದಾಗ ಮಲಗುವ ಕೋಣೆಯ ಸಾಕೆಟ್ ಸರ್ಕ್ಯೂಟು ಸಿಕ್ಕಿತು. ಸಾಕೆಟ್ಟಿನ ಹಿಂದೆ, ಮುಂಭಾಗದ ಫಲಕವನ್ನು ಬಿಗಿಯುವ ತಿರುಪು ನ್ಯೂಟ್ರಲ್ ತಂತಿಯನ್ನು ಲೋಹದ ಪೆಟ್ಟಿಗೆಗೆ ಒತ್ತಿ ಹಿಡಿದಿತ್ತು.

ಇಂಥ ದೋಷವನ್ನು ಎಂಸಿಬಿ (ವಿದ್ಯುತ್ತು ಮಿತಿಮೀರಿ ಹರಿದರೆ ಕಡಿಯುವ ಸ್ವಿಚ್ಚು) ಹಿಡಿಯುವುದಿಲ್ಲ, ಏಕೆಂದರೆ ಅಲ್ಲಿ ಮಿತಿಮೀರಿದ ವಿದ್ಯುತ್ತು ಹರಿಯುವುದೇ ಇಲ್ಲ. ಮನೆಯಲ್ಲಿ ಎಲ್ಲವೂ ಆರಿದ್ದಾಗ ಆರ್‌ಸಿಸಿಬಿಯೂ ಸುಮ್ಮನಿರಬಹುದು. ಯಾವುದಾದರೂ ದೊಡ್ಡ ಸಾಧನ ಕೆಲಸ ಆರಂಭಿಸಿದಾಗ ಹಿಂದಿರುಗುವ ವಿದ್ಯುತ್ತಿನ ಒಂದು ಪಾಲು ನ್ಯೂಟ್ರಲ್ ಬಿಟ್ಟು ಅರ್ಥ್‌ನ ದಾರಿ ಹಿಡಿಯುತ್ತದೆ, ಹೋದದ್ದಕ್ಕೂ ಬಂದದ್ದಕ್ಕೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದೊಡನೆ, ಕೆಲವೊಮ್ಮೆ ಅದಕ್ಕಿಂತ ಮೊದಲೇ, ಅದು ಬೀಳುತ್ತದೆ. ಹಾಗಾಗಿ ತಪ್ಪು ಒಂದು ಕೋಣೆಯಲ್ಲಿ, ಅಪವಾದ ಇನ್ನೊಂದು ಕೋಣೆಯ ಇಸ್ತ್ರಿಪೆಟ್ಟಿಗೆಗೆ. ಮೆಗ್ಗರ್ ಇದನ್ನು ಒಂದೇ ಗುಂಡಿಯಲ್ಲಿ ಹೇಳಿಬಿಡುತ್ತದೆ. ಆದರೆ ಒಂದು ಷರತ್ತಿದೆ: ನ್ಯೂಟ್ರಲನ್ನೂ ಸರಬರಾಜಿನಿಂದ ಬಿಡಿಸಿರಬೇಕು. ಸರಬರಾಜಿನ ಮೂಲದಲ್ಲಿಯೇ ನ್ಯೂಟ್ರಲನ್ನು ನೆಲಕ್ಕೆ ಕಟ್ಟಿರುವ ವ್ಯವಸ್ಥೆಗಳಲ್ಲಿ ಫೇಸನ್ನು ಮಾತ್ರ ಕಡಿದು ಪರೀಕ್ಷಿಸಿದರೆ ಎಷ್ಟೇ ಆರೋಗ್ಯವಂತ ಮನೆಯಾದರೂ ಸೊನ್ನೆಯ ಹತ್ತಿರದ ಅಂಕೆಯೇ ಬರುತ್ತದೆ. ಉಪಕರಣ ಕೆಟ್ಟಿದೆಯೆಂದು ಹಿಂದಿರುಗಿಸಿದೆನೆಂದು ನನ್ನೊಬ್ಬ ಸಹೋದ್ಯೋಗಿ ಹೇಳಿದಾಗ ವಿಚಾರಿಸಿದರೆ ಅವರು ಮಾಡಿದ್ದು ಇದನ್ನೇ. ಬಳಕೆಯ ಕೈಪಿಡಿ ಈ ವಿಷಯದಲ್ಲಿ ಒಂದು ಸಾಲನ್ನೂ ಖರ್ಚು ಮಾಡಿಲ್ಲ.

ಎರಡನೆಯ ಪ್ರಸಂಗ ನನಗೇ ಪಾಠ ಕಲಿಸಿತು. ಹೊಸದಾಗಿ ಕಟ್ಟಿದ ಮನೆ, ತಂತಿಗಳೆಲ್ಲ ಹೊಸವು, ಆದರೂ ಇಡೀ ಮನೆಯ ಓದು 0.31 ಮೆಗಾಓಮ್. ಪರದೆಯ ಎರಡನೆಯ ಸಾಲು 436 ವೋಲ್ಟ್ ಎಂದಿತ್ತು. ಬ್ಯಾಟರಿಯ ಹಳೆಯ ಕಥೆ ನೆನಪಾಗಿ ಹೊಸದನ್ನು ಹಾಕಿದೆ, ಅಂಕೆ ಬದಲಾಗಲಿಲ್ಲ. ನಂತರ ಶ್ರೇಣಿಯನ್ನು 250 ವೋಲ್ಟಿಗೆ ಇಳಿಸಿ ನೋಡಿದರೆ ರೋಧ ಒಮ್ಮೆಗೇ ನೂರಾರು ಮೆಗಾಓಮ್‌ಗೆ ಜಿಗಿಯಿತು. ಒದ್ದೆಯಾದ ಅಥವಾ ಸುಟ್ಟ ಹೊದಿಕೆ ಹೀಗೆ ಮಾಡುವುದಿಲ್ಲ. 500ರಲ್ಲಿ ಕೆಟ್ಟಿರುವುದು 250ರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಕೆಟ್ಟಿರುತ್ತದೆ. ವಿತರಣಾ ಫಲಕದ ಮೂಲೆಯಲ್ಲಿ ಸರ್ಜ್ ರಕ್ಷಕ ಕೂತಿರುವುದನ್ನು ನಾನು ಆಗ ಗಮನಿಸಿದೆ. ಅದರೊಳಗಿನ ವೇರಿಸ್ಟರ್, ಸಿಡಿಲಿನಂಥ ಸಂದರ್ಭದಲ್ಲಿ ಏರುವ ವೋಲ್ಟೇಜನ್ನು ನೆಲಕ್ಕಿಳಿಸಲೆಂದೇ ಇರುವ ಬಿಡಿಭಾಗ. 275 ವೋಲ್ಟಿನ ಪರ್ಯಾಯ ವಿದ್ಯುತ್ತಿಗೆಂದು ಗುರುತಿಸಿದ ವೇರಿಸ್ಟರ್ ಸುಮಾರು 430 ವೋಲ್ಟಿನ ನೇರ ವಿದ್ಯುತ್ತಿಗೆ 1 ಮಿಲಿಆಂಪಿಯರ್ ಹರಿಯಲು ಬಿಡುತ್ತದೆ. ನನ್ನ 500 ವೋಲ್ಟ್ ಅದಕ್ಕೆ ಪುಟ್ಟ ಸಿಡಿಲಾಗಿ ಕಂಡಿತು, ಅದು ತನ್ನ ಕರ್ತವ್ಯವನ್ನು ಮಾಡಿತು. ರಕ್ಷಕವನ್ನು ಬಿಡಿಸಿದ ಮೇಲೆ 500 ವೋಲ್ಟಿನಲ್ಲಿಯೂ ಮನೆ ಶುದ್ಧವಾಗಿತ್ತು.

ಇಲ್ಲಿ ನಾನು ಮೊದಲು ಮಾಡಿದ ಒಂದು ತರ್ಕದೋಷವನ್ನೂ ಹೇಳಬೇಕು. ವೋಲ್ಟೇಜು 436ಕ್ಕೆ ಕುಸಿದದ್ದೇ ಸರ್ಜ್ ರಕ್ಷಕದ ಸುಳಿವು ಎಂದು ಆಗ ಬಗೆದಿದ್ದೆ. ಮನೆಗೆ ಬಂದು ರೆಸಿಸ್ಟರ್ ಮಾಲೆಯ ಮೂರನ್ನು ಮಾತ್ರ ಜೋಡಿಸಿ ನೋಡಿದಾಗ ಅಲ್ಲಿಯೂ ವೋಲ್ಟೇಜು ಹೆಚ್ಚುಕಡಿಮೆ ಅಷ್ಟಕ್ಕೇ ಇಳಿಯಿತು, ಏಕೆಂದರೆ 500 ವೋಲ್ಟಿನಲ್ಲಿ 300 ಕಿಲೋಓಮ್ ಬೇಡುವ ವಿದ್ಯುತ್ತನ್ನು ಈ ಉಪಕರಣ ಕೊಡಲಾರದು. ಅಂದರೆ ಕುಸಿದ ವೋಲ್ಟೇಜು ‘ಹೊರೆ ಹೆಚ್ಚಿದೆ’ ಎಂದಷ್ಟೇ ಹೇಳುತ್ತದೆ. ಹೊರೆಯ ಸ್ವಭಾವವನ್ನು ಹೇಳುವುದು ಎರಡು ವೋಲ್ಟೇಜುಗಳ ಹೋಲಿಕೆ. ಶ್ರೇಣಿ ಬದಲಾಯಿಸುವ ತಿರುಗುಗುಂಡಿ ಕೈಗವಸು ತೊಟ್ಟಿದ್ದರೂ ಸಲೀಸಾಗಿ ತಿರುಗುವುದರಿಂದ ಈ ಹೋಲಿಕೆಗೆ ಹತ್ತು ಸೆಕೆಂಡೂ ಹಿಡಿಯುವುದಿಲ್ಲ, ಅಷ್ಟರಮಟ್ಟಿಗೆ ವಿನ್ಯಾಸಕಾರರನ್ನು ಮೆಚ್ಚಬೇಕು. ಸರ್ಜ್ ರಕ್ಷಕವನ್ನು ಬಿಡಿಸಲು ಸಾಧ್ಯವೇ ಇಲ್ಲದ ಕಡೆ 250 ವೋಲ್ಟಿನಲ್ಲಿ ಪರೀಕ್ಷಿಸಲು ಮಾನದಂಡವೂ ಅವಕಾಶ ಕೊಡುತ್ತದೆ, ಆದರೆ 1 ಮೆಗಾಓಮ್‌ನ ಗಡಿಯನ್ನು ಸಡಿಲಿಸುವುದಿಲ್ಲ.

ಮೂರನೆಯದನ್ನು ಚುಟುಕಾಗಿ ಹೇಳುತ್ತೇನೆ. ಮಳೆ ಬಂದ ರಾತ್ರಿ ಮಾತ್ರ ಆರ್‌ಸಿಸಿಬಿ ಬೀಳುವ ಮನೆಗೆ ನಾನು ಹೋದದ್ದು ಬಿಸಿಲು ಕಾದ ಮಧ್ಯಾಹ್ನ; ಹೊರಗೋಡೆಯ ದೀಪದ ಸರ್ಕ್ಯೂಟು 0.8 ಮೆಗಾಓಮ್ ತೋರಿಸಿತು, ಉಳಿದವೆಲ್ಲ ನೂರರ ಮೇಲೆ. 0.8 ಮೆಗಾಓಮ್‌ನಲ್ಲಿ 230 ವೋಲ್ಟಿಗೆ ಸೋರುವುದು 0.3 ಮಿಲಿಆಂಪಿಯರಿಗೂ ಕಡಿಮೆ, ಅದರಿಂದ ಆರ್‌ಸಿಸಿಬಿ ಬೀಳಲು ಸಾಧ್ಯವಿಲ್ಲ. 30 ಮಿಲಿಆಂಪಿಯರ್ ಸೋರಬೇಕಾದರೆ ರೋಧವು 8 ಕಿಲೋಓಮ್‌ಗಿಂತ ಕೆಳಗೆ ಇಳಿಯಬೇಕು. ಈ ನೂರು ಪಟ್ಟಿನ ಅಂತರದಲ್ಲಿಯೇ ಮೆಗ್ಗರಿನ ಬೆಲೆ ಇರುವುದು: ಆರ್‌ಸಿಸಿಬಿಗೆ ಕಾಣದಷ್ಟು ಚಿಕ್ಕದಾಗಿರುವಾಗಲೇ ದೋಷ ಇದಕ್ಕೆ ಕಾಣುತ್ತದೆ. ಜಂಕ್ಷನ್ ಬಾಕ್ಸಿನ ಮುಚ್ಚಳ ತೆಗೆದಾಗ ಟರ್ಮಿನಲ್ಲಿನ ಮೇಲೆ ಹಸಿರು ಕಿಲುಬೂ ಇರುವೆಗಳ ಸಂಸಾರವೂ ಇದ್ದವು. ಒರೆಸಿ ಒಣಗಿಸಿ ಹೊಸ ಟರ್ಮಿನಲ್ ಹಾಕಿದ ಮೇಲೆ 140 ಬಂದಿತು.

ಸುರಕ್ಷತೆಯ ಏರ್ಪಾಡುಗಳಲ್ಲಿ ನನಗೆ ಹೆಚ್ಚಿನ ದೂರಿಲ್ಲ. ಮೊನೆಗಳ ನಡುವೆ 30 ವೋಲ್ಟಿಗಿಂತ ಹೆಚ್ಚು ಇದ್ದರೆ ಉಪಕರಣ ಕೂಗಿಕೊಳ್ಳುತ್ತದೆ ಮತ್ತು ಗುಂಡಿ ಒತ್ತಿದರೂ ಪರೀಕ್ಷೆ ಆರಂಭಿಸುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಕೇಬಲ್ಲಿನಲ್ಲಿ ಉಳಿದ ವಿದ್ಯುದಾವೇಶವನ್ನು ತಾನೇ ಖಾಲಿಮಾಡಿ, ವೋಲ್ಟೇಜು ಇಳಿಯುವುದನ್ನು ಪರದೆಯ ಮೇಲೆ ತೋರಿಸುತ್ತದೆ. ಅದು ಸೊನ್ನೆಗೆ ಬರುವವರೆಗೆ ಕ್ಲಿಪ್ ಬಿಡಿಸಬಾರದು. ಕೆಲವೇ ಮಿಲಿಆಂಪಿಯರಿನ ಉಪಕರಣ ತಾನಾಗಿ ಕೊಲ್ಲುವಂಥದ್ದಲ್ಲವೆಂದು ಅಸಡ್ಡೆ ಮಾಡುವವರು ಏಣಿಯ ಮೇಲೆ ನಿಂತಾಗ ಬೆಚ್ಚಿಬಿದ್ದರೆ ಏನಾಗುತ್ತದೆಂದು ಯೋಚಿಸಲಿ. ಪರೀಕ್ಷೆ ಸತತವಾಗಿ ನಡೆಯುವಂತೆ ಬೀಗ ಹಾಕುವ ಗುಂಡಿಯ ವಿಷಯದಲ್ಲಿ ಮಾತ್ರ ನನಗೆ ಭಿನ್ನಾಭಿಪ್ರಾಯವಿದೆ. ಒತ್ತಿ ಬಿಟ್ಟರೆ ಮೂರು ಸೆಕೆಂಡಿಗೆ ಪರೀಕ್ಷೆ ನಿಲ್ಲುತ್ತದೆ, ಉದ್ದನೆಯ ಕೇಬಲ್ಲುಗಳಲ್ಲಿ ಅಂಕೆ ಇನ್ನೂ ಏರುತ್ತಿರುವಾಗಲೇ ಕಡಿದುಹೋಗುತ್ತದೆ. ಬೀಗ ಹಾಕಿದರೆ ನಾವು ನಿಲ್ಲಿಸುವವರೆಗೂ 500 ವೋಲ್ಟ್ ಮೊನೆಗಳಲ್ಲಿ ನಿಂತಿರುತ್ತದೆ. ನಡುವೆ ಒಂದು ನಿಮಿಷದ ಆಯ್ಕೆಯೊಂದು ಇರಬೇಕಿತ್ತು.

ಜೊತೆಗೆ ಬಂದ ಲೀಡುಗಳು, ಅಂದರೆ ಪರೀಕ್ಷೆಗೆ ಜೋಡಿಸುವ ತಂತಿಗಳು, ಉಪಕರಣದ ಯೋಗ್ಯತೆಗೆ ತಕ್ಕವಲ್ಲ. ಮೊಸಳೆ ಕ್ಲಿಪ್ಪುಗಳ ಹಲ್ಲು ದಪ್ಪ ತಂತಿಯನ್ನು ಕಚ್ಚಿ ಹಿಡಿಯುವುದಿಲ್ಲ, ಜಾರಿ ಬೀಳುತ್ತವೆ; ಕ್ಲಿಪ್ ಜಾರಿದಾಗ ಪರದೆ ತೋರಿಸುವುದು ಅತ್ಯುತ್ತಮ ಇನ್ಸುಲೇಶನ್ನಿನ ಅಂಕೆಯನ್ನು ಎಂಬುದೇ ಅಪಾಯ. ಈ ಪರೀಕ್ಷೆಯಲ್ಲಿ ಸಂಪರ್ಕ ತಪ್ಪಿದ್ದಕ್ಕೂ ಎಲ್ಲವೂ ಚೆನ್ನಾಗಿರುವುದಕ್ಕೂ ಓದು ಒಂದೇ. ಆದ್ದರಿಂದ ಪ್ರತಿ ಸಲವೂ ಮೊದಲು ಮೊನೆಗಳನ್ನು ಜೋಡಿಸಿ ಸೊನ್ನೆಯನ್ನೂ, ಬಿಡಿಸಿ ಮಿತಿ ಮೀರಿದ ಚಿಹ್ನೆಯನ್ನೂ ನೋಡಿಕೊಳ್ಳುವುದು ನನ್ನ ಕ್ರಮ. ಎರಡು ತಿಂಗಳ ನಂತರ ಬೇರೆ ಲೀಡುಗಳನ್ನು ತಂದು ಹಾಕಿಕೊಂಡೆ. ಕೈಯಲ್ಲಿ ಹಿಡಿಯುವ ಮೊನೆಯ ಮೇಲೆಯೇ ಪರೀಕ್ಷೆಯ ಗುಂಡಿ ಇರುವುದು ಮಾತ್ರ ಬಹಳ ಅನುಕೂಲ, ಅದನ್ನು ಬಿಟ್ಟುಕೊಡಲು ಮನಸ್ಸಾಗದೆ ಆ ಒಂದನ್ನು ಹಳೆಯದೇ ಉಳಿಸಿಕೊಂಡಿದ್ದೇನೆ.

ಮತ್ತೆ ಆ 4000ದ ವಿಷಯಕ್ಕೆ ಬರುತ್ತೇನೆ. ಮೇಲಿನ ಶ್ರೇಣಿಯಲ್ಲಿ ಈ ಉಪಕರಣದ ಅಂಕೆಗಳು ನಿಲ್ಲುವುದೇ ಇಲ್ಲ. 1870 ಎಂದು ಬರೆಯುವಷ್ಟರಲ್ಲಿ 2300 ಆಗಿರುತ್ತದೆ, ನಾನು ಲೀಡನ್ನು ಕೈಯಿಂದ ತುಸು ಸರಿಸಿದರೆ 1500. ಇದಕ್ಕೆ ಉಪಕರಣವನ್ನೊಂದೇ ದೂರಿದರೆ ನ್ಯಾಯವಲ್ಲ. ಅಷ್ಟು ಮೇಲೆ ಅಳೆಯುತ್ತಿರುವುದು ಅರ್ಧ ಮೈಕ್ರೋಆಂಪಿಯರಿಗಿಂತ ಕಡಿಮೆ ವಿದ್ಯುತ್ತನ್ನು, ಲೀಡಿನ ಮೇಲಿನ ಬೆವರೂ ಗಾಳಿಯ ತೇವವೂ ಅಲ್ಲಿ ಪಾಲು ಕೇಳುತ್ತವೆ. ಹೊದಿಕೆಯ ವಸ್ತುವೂ ವೋಲ್ಟೇಜು ಬಿದ್ದ ಮೇಲೆ ನಿಧಾನವಾಗಿ ವಿದ್ಯುದಾವೇಶವನ್ನು ಹೀರಿಕೊಳ್ಳುವುದರಿಂದ ಅಂಕೆ ತೆವಳುತ್ತ ಏರುತ್ತಿರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಇನ್ಸುಲೇಶನ್ ರೋಧ ಸುಮಾರು ಅರ್ಧಕ್ಕಿಳಿಯುತ್ತದೆಂಬ ಸ್ಥೂಲ ಲೆಕ್ಕವೊಂದು ಕಸುಬಿನಲ್ಲಿದೆ. ತಂತಿಯ ಉದ್ದ ಎರಡರಷ್ಟಾದರೆ ರೋಧ ಅರ್ಧವಾಗುವುದಂತೂ ನೇರ ಗಣಿತ. ಹೀಗಿರುವಾಗ ಮಾಡಿಗೆ ತಾಗಿದ ಪೈಪಿನೊಳಗಿನ ತಂತಿಯನ್ನು ಮಧ್ಯಾಹ್ನ ಅಳೆದರೆ 900 ಬಂದಿತು, ಬೆಳಿಗ್ಗೆ ಅಳೆದರೆ 1600 ಬಂದಿತು ಎಂಬುದರಿಂದ ಏನನ್ನೂ ತೀರ್ಮಾನಿಸಲಾಗದು. ನಾನು 200ರ ಮೇಲಿನ ಯಾವ ಓದನ್ನೂ ದಾಖಲೆಯಲ್ಲಿ ‘200ಕ್ಕಿಂತ ಹೆಚ್ಚು’ ಎಂದು ಬರೆಯುತ್ತೇನೆ. ದಾಖಲೆಗಳಿಂದ ನಿಜವಾಗಿ ಉಪಯೋಗವಾಗುವುದು ಅದೇ ಸರ್ಕ್ಯೂಟು ಕೆಲವು ವರ್ಷಗಳಲ್ಲಿ 150ರಿಂದ 40ಕ್ಕೆ, 40ರಿಂದ 6ಕ್ಕೆ ಇಳಿಯುವುದು ಕಣ್ಣಿಗೆ ಬಿದ್ದಾಗ. 6 ಉತ್ತೀರ್ಣವೇ ಆದರೂ ಆ ಇಳಿಜಾರು ಉತ್ತೀರ್ಣವಲ್ಲ.

ಇನ್ನೊಂದು ವಿಷಯವನ್ನು ಉಪಕರಣ ಕೊಳ್ಳುವವರು ತಿಳಿದಿರಬೇಕು, ಏಕೆಂದರೆ ಎಷ್ಟು ದುಬಾರಿ ಮಾದರಿಯನ್ನು ಕೊಂಡರೂ ಇದು ಬದಲಾಗುವುದಿಲ್ಲ. ಹೊದಿಕೆ ಪೂರ್ತಿ ಹರಿದಿದ್ದರೂ ತಂತಿಗಳ ನಡುವೆ ಒಂದು ಮಿಲಿಮೀಟರ್ ಒಣಗಾಳಿ ಇದ್ದರೆ 500 ವೋಲ್ಟ್ ಅದನ್ನು ದಾಟಲಾರದು, ಓದು ನಿಷ್ಕಳಂಕವಾಗಿ ಬರುತ್ತದೆ. ಅರ್ಥ್ ತಂತಿ ನಡುದಾರಿಯಲ್ಲಿ ತುಂಡಾಗಿದ್ದರೂ ಅಷ್ಟೇ. ಇಲ್ಲದ ಅರ್ಥ್‌ಗೆ ಸೋರಿಕೆಯೂ ಇರುವುದಿಲ್ಲ. ಆದ್ದರಿಂದಲೇ ತಂತಿಯ ಅಖಂಡತೆಯ ಪರೀಕ್ಷೆ (ತಂತಿ ಎಲ್ಲಿಯೂ ತುಂಡಾಗಿಲ್ಲವೆಂದು ನೋಡುವುದು) ಮೊದಲು, ಇನ್ಸುಲೇಶನ್ ಪರೀಕ್ಷೆ ಆಮೇಲೆ. ಈ ಉಪಕರಣದಲ್ಲಿ 200 ಮಿಲಿಆಂಪಿಯರಿನ ಅಖಂಡತೆಯ ಪರೀಕ್ಷೆಯೂ ಇದೆ, ಲೀಡುಗಳ ಸ್ವಂತ ರೋಧವನ್ನು ಕಳೆದು ತೋರಿಸುವ ಸೌಲಭ್ಯವಿದೆ, ಅದು ಎಲ್ಲ ಸಲವೂ ನೆಚ್ಚುವಂತೆ ನಡೆದುಕೊಂಡಿದೆ. ಆ ದೃಷ್ಟಿಯಿಂದ ಎರಡು ಉಪಕರಣ ಹೊರುವ ಶ್ರಮ ತಪ್ಪಿದೆ.

ಕವಚ ಗಟ್ಟಿಯಾಗಿದೆ, ಒಮ್ಮೆ ಏಣಿಯಿಂದ ಬಿದ್ದೂ ಉಳಿಯಿತು. ಪರದೆಯ ಹಿಂಬೆಳಕು ಒಳ್ಳೆಯದು. ಫೋನಿಗೆ ಓದುಗಳನ್ನು ಕಳುಹಿಸುವ ಆ್ಯಪ್ ಇದೆ. ಎರಡು ದಿನ ಬಳಸಿ ನೋಟ್‌ಬುಕ್ಕಿಗೆ ಮರಳಿದೆ.

ಮನೆಯ ಯಜಮಾನರು ತಾವೇ ಇದನ್ನು ಕೊಳ್ಳಬಹುದೇ ಎಂದು ಕೆಲವರು ಕೇಳಿದ್ದಾರೆ. ನನ್ನ ಉತ್ತರ ಉಪಕರಣಕ್ಕಿಂತ ಪರೀಕ್ಷೆಗೆ ಮೊದಲು ಮಾಡಬೇಕಾದ ಕೆಲಸವನ್ನು ಅವಲಂಬಿಸಿದೆ. ಎಲ್‌ಇಡಿ ದೀಪಗಳ ಡ್ರೈವರು, ಡಿಮ್ಮರು, ಯುಎಸ್‌ಬಿ ಇರುವ ಸಾಕೆಟ್ಟು, ದೂರದಿಂದ ನಿಯಂತ್ರಿಸುವ ಸ್ವಿಚ್ಚು, ಇವೆಲ್ಲ 500 ವೋಲ್ಟಿಗೆ ಮಣಿದು ತಪ್ಪು ಓದು ಕೊಡುತ್ತವೆ, ಕೆಲವು ಸತ್ತೇ ಹೋಗುತ್ತವೆ. ಮನೆಯಲ್ಲಿ ಇಂಥವು ಎಲ್ಲೆಲ್ಲಿವೆ ಎಂದು ಪಟ್ಟಿ ಮಾಡಿ ಒಂದನ್ನೂ ಬಿಡದೆ ಕಳಚಬಲ್ಲವರು, ಎರಡು ಕಡೆಯಿಂದ ಹಾಕುವ ಮೆಟ್ಟಿಲಿನ ಸ್ವಿಚ್ಚುಗಳನ್ನು ಎರಡೂ ಸ್ಥಿತಿಯಲ್ಲಿಟ್ಟು ಎರಡು ಸಲ ಪರೀಕ್ಷಿಸಬೇಕೆಂದು ಹೇಳದೆಯೇ ತಿಳಿದವರು, ಮುಖ್ಯ ಸ್ವಿಚ್ ತೆರೆದ ಮೇಲೂ ವಿದ್ಯುತ್ ಇಲ್ಲವೆಂದು ಅಳೆದು ನೋಡಿಯೇ ನಂಬುವವರು ಕೊಳ್ಳಲಿ. ಉಳಿದವರು ಇದನ್ನು ಬಲ್ಲ ಕೆಲಸಗಾರರನ್ನು ಕರೆಸಿ, ದಾಖಲೆಯಲ್ಲಿ ಅಂಕೆಯ ಪಕ್ಕದಲ್ಲಿ ಪರೀಕ್ಷಾ ವೋಲ್ಟೇಜನ್ನೂ ಬರೆಸಿಕೊಳ್ಳಲಿ.

ಕಸುಬಿನವರಿಗೆ ನಾನು ಇದನ್ನು ಶಿಫಾರಸು ಮಾಡುತ್ತೇನೆ, ಎರಡು ಷರತ್ತುಗಳೊಂದಿಗೆ: ಲೀಡುಗಳನ್ನು ಬದಲಾಯಿಸಬೇಕು, ಬ್ಯಾಟರಿಯ ಚಿಹ್ನೆಯನ್ನು ನಂಬಬಾರದು. ನನ್ನ ಚೀಲದ ಹೊರಜೇಬಿನಲ್ಲಿ ಆ ಹತ್ತು ರೆಸಿಸ್ಟರುಗಳ ಪಟ್ಟಿ ಈಗ ಕಾಯಂ ಆಗಿ ಇರುತ್ತದೆ. ಪ್ರತಿದಿನ ಮೊದಲ ಮನೆಯ ಹೊಸ್ತಿಲು ದಾಟುವ ಮುನ್ನ ಐದಕ್ಕೆ ಕ್ಲಿಪ್ ಕಚ್ಚಿಸಿ ಗುಂಡಿ ಒತ್ತಿ ಎರಡನೆಯ ಸಾಲನ್ನು ನೋಡುತ್ತೇನೆ. 490ಕ್ಕಿಂತ ಕೆಳಗೆ ಇದ್ದರೆ ಬ್ಯಾಟರಿ ಬದಲಾಯಿಸಿಯೇ ಒಳಗೆ ಹೋಗುವುದು.